ರೊಟ್ಟಿ ಪೆಟ್ಟಿಗೆ ಲಾರಿಗೆ ಹಾಕುವ ಮುನ್ನ ಬಿಲ್ಟಿ ನೋಡಿ

ಕಲಬುರಗಿಯಿಂದ ಖಡಕ್ ರೊಟ್ಟಿ, ಹಪ್ಪಳ, ಸಂಡಿಗೆಯಂಥ ಹಗುರ ಮಾಲನ್ನು ಬೇರೆಯವರ ಮಾಲಿನ ಜೊತೆ ಒಂದೇ ಲಾರಿಯಲ್ಲಿ, ಅಂದರೆ ಪಾರ್ಟ್ ಲೋಡ್‌ನಲ್ಲಿ ಕಳಿಸುವ ಸ್ವಸಹಾಯ ಸಂಘದವರು ಮತ್ತು ಸಣ್ಣ ವ್ಯಾಪಾರಿಗಳು ದಯವಿಟ್ಟು ಇದನ್ನು ಪೂರ್ತಿ ಓದಬೇಕು.

ನಮ್ಮ ಘಟಕದ ಜೋಳದ ರೊಟ್ಟಿಯನ್ನು ಬೆಂಗಳೂರಿನ ಅಂಗಡಿಯೊಂದಕ್ಕೆ ಕಳಿಸಲು ಇಲ್ಲಿನ ಟ್ರಾನ್ಸ್‌ಪೋರ್ಟ್ ಕಚೇರಿಯೊಂದಕ್ಕೆ ಹೋದಾಗ ಗುಮಾಸ್ತರು ಕಿಲೋ ಲೆಕ್ಕದಲ್ಲಿ ದರ ಹೇಳಿ, ಪೆಟ್ಟಿಗೆಗಳನ್ನು ತೂಗಿದರೇ ಹೊರತು ಅಳೆಯಲಿಲ್ಲ. ಬಿಲ್ಟಿಯಲ್ಲಿ (ಮಾಲು ಬುಕ್ ಮಾಡಿದ್ದಕ್ಕೆ ಕೊಡುವ ರಸೀದಿ) ನಿಜ ತೂಕವನ್ನು ಬರೆದು, ಪಕ್ಕದ ‘ಚಾರ್ಜ್ಡ್ ವೇಟ್’ (ಬಾಡಿಗೆ ಲೆಕ್ಕ ಹಾಕುವ ತೂಕ) ಕಾಲಂ ಖಾಲಿ ಬಿಟ್ಟರು. ಕೇಳಿದ್ದಕ್ಕೆ, ‘ಇರ್ಲಿ ಬಿಡ್ರಿ ಅಕ್ಕಾ, ತೂಕದ ಮ್ಯಾಲೇ ಬಾಡಿಗಿ’ ಎಂದರು. ಮಾಲು ಬೆಂಗಳೂರಿನ ಗೋದಾಮು ಮುಟ್ಟಿದ ಮೇಲೆ ಆ ಕಾಲಂ ತುಂಬಿತು: 25 ಕಿಲೋ ತೂಗಿದ್ದ ಒಂದೊಂದು ಪೆಟ್ಟಿಗೆಗೂ 80 ಕಿಲೋ! ಬಾಡಿಗೆಯನ್ನು ಅಲ್ಲಿಯೇ ಕೊಡುವ ‘ಟು ಪೇ’ ಬುಕಿಂಗ್ ಆಗಿದ್ದರಿಂದ ಅಂಗಡಿಯವರು ಮಾಲು ಬಿಡಿಸಿಕೊಳ್ಳಲು ಒಪ್ಪಲಿಲ್ಲ. ಜಗಳ ಬಗೆಹರಿಯುವಷ್ಟರಲ್ಲಿ ಮಾಲು ಗೋದಾಮಿನಲ್ಲೇ ಉಳಿದದ್ದಕ್ಕೆ ಡೆಮರೇಜ್ ಶುಲ್ಕ ಬೇರೆ ಏರಿತ್ತು.

ಆ 80 ಬಂದದ್ದು ಹೀಗೆ. ಉದ್ದ, ಅಗಲ, ಎತ್ತರ ಎರಡೆರಡು ಅಡಿಯ ಪೆಟ್ಟಿಗೆಯೆಂದರೆ 8 ಘನ ಅಡಿ. ಘನ ಅಡಿಗೆ 10 ಕಿಲೋ ಹಿಡಿದರೆ 80. ನಿಜ ತೂಕ ಮತ್ತು ಈ ಗಾತ್ರದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ಲಾರಿಯಲ್ಲಿ ಜಾಗಕ್ಕೂ ಬೆಲೆಯಿರುವುದರಿಂದ ಈ ಪದ್ಧತಿಯನ್ನು ನಾನು ತಪ್ಪೆನ್ನುವುದಿಲ್ಲ. ಘನ ಅಡಿಗೆ 20 ಕಿಲೋದ ಆಸುಪಾಸು ತೂಗುವ ತೊಗರಿಬೇಳೆಯ ಚೀಲಕ್ಕೆ ಇದು ತಟ್ಟುವುದೇ ಇಲ್ಲ, ತಟ್ಟುವುದು ರೊಟ್ಟಿಗೆ. ಅಮೆರಿಕದಲ್ಲಿ ಸಾಂದ್ರತೆ, ಜೋಡಿಸುವ ಅನುಕೂಲ, ಸಾಗಿಸುವ ಕಷ್ಟ, ಹಾನಿಯ ಹೊಣೆ ನೋಡಿ ಸರಕನ್ನು 50ರಿಂದ 500ರವರೆಗಿನ 18 ವರ್ಗಗಳಲ್ಲಿಡುವ ಪಟ್ಟಿಯಿದೆ; ನಮ್ಮಲ್ಲಿ ಕಂಪನಿಗೊಂದು ಲೆಕ್ಕ. ಅದೇ ಪೆಟ್ಟಿಗೆ ಘನ ಅಡಿಗೆ 6 ಕಿಲೋ ಹಿಡಿಯುವವರಲ್ಲಿ 48 ಕಿಲೋಗೆ ಇಳಿಯುತ್ತದೆ. ಆದ್ದರಿಂದ ಘನ ಅಡಿಗೆ ಎಷ್ಟು ಕಿಲೋ ಎಂಬುದನ್ನು ಮೊದಲೇ ಕೇಳಿ, ನಿಮ್ಮೆದುರಿಗೇ ಪೆಟ್ಟಿಗೆ ಅಳೆಸಿ, ಚಾರ್ಜ್ಡ್ ವೇಟ್ ಬರೆಸಿಕೊಳ್ಳದೆ ಕೌಂಟರ್ ಬಿಡಬೇಡಿ.

ರೊಟ್ಟಿ ಒಡೆದದ್ದಕ್ಕೆ ಪರಿಹಾರ ಕೇಳಿದರೆ ಬಿಲ್ಟಿಯ ಮೇಲಿನ ‘ಓನರ್ಸ್ ರಿಸ್ಕ್’ (ಹಾನಿಯಾದರೆ ಮಾಲಿನ ಮಾಲೀಕರದೇ ಹೊಣೆ) ಮುದ್ರೆ ತೋರಿಸಿದರು. 2007ರ ರಸ್ತೆ ಸಾಗಣೆ ಕಾಯ್ದೆ ಮತ್ತು 2011ರ ನಿಯಮಗಳ ಪ್ರಕಾರ, ಹೆಚ್ಚಿನ ರಿಸ್ಕ್ ದರ ಕೊಡಲು ಒಪ್ಪಿ ಬುಕ್ ಮಾಡದಿದ್ದರೆ ಸಾಗಣೆದಾರರ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ, ಅದೂ ನೀವು ಘೋಷಿಸಿದ ಮೌಲ್ಯದೊಳಗೆ, ಸೀಮಿತ. ಹಾನಿಯಾದರೆ ಬುಕಿಂಗ್ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಡಲೇಬೇಕು. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ.