ನಡುವಣ ವೇರಿಯಂಟೋ, ಟಾಪ್ ಮಾಡೆಲೋ: ಹೈಬ್ರಿಡ್ ಕಾರಿನೊಂದಿಗೆ ನಾಲ್ಕು ವರ್ಷ

ನಾನೂ ನನ್ನ ಅಕ್ಕನೂ ಒಂದೇ ಮಾದರಿಯ ಹೈಬ್ರಿಡ್ ಕಾರುಗಳನ್ನು, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರೂ ಇರುವ ಕಾರುಗಳನ್ನು, ಒಂದೇ ತಿಂಗಳಲ್ಲಿ ಕೊಂಡೆವು. ನನ್ನದು ನಡುವಣ ವೇರಿಯಂಟ್, ಅವಳದು ಟಾಪ್ ಮಾಡೆಲ್. ನಾಲ್ಕು ವರ್ಷಗಳಲ್ಲಿ ನನ್ನ ಕಾರು 62,000 ಕಿಲೋಮೀಟರ್ ಓಡಿದೆ. ಈ ನಡುವೆ ಎರಡು ಬಾರಿ ಒಂದೊಂದು ತಿಂಗಳು ಕಾರುಗಳನ್ನು ಅದಲುಬದಲು ಮಾಡಿಕೊಂಡಿದ್ದರಿಂದ ಎರಡನ್ನೂ ಚೆನ್ನಾಗಿ ಬಲ್ಲೆ. ಕಾರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಮಾತು ಕಂಪನಿಗಳ ಹೋಲಿಕೆಯ ಕಡೆಗೆ ಹೊರಳುತ್ತದೆ. ನನಗೆ ಹೇಳಬೇಕಿರುವುದು ವೇರಿಯಂಟ್ ಆರಿಸುವ ವಿಷಯ.

ಷೋರೂಮಿನಲ್ಲಿ ನಮಗೆ ಓಡಿಸಲು ಕೊಟ್ಟದ್ದು ಟಾಪ್ ಮಾಡೆಲ್ ಮಾತ್ರ. ಮೈಲೇಜ್ ಬಗ್ಗೆ ಕೇಳಿದಾಗ ಮಾರಾಟದವರು, “ಎಂಜಿನ್ ಒಂದೇ, ಮೋಟಾರ್ ಒಂದೇ, ಮೈಲೇಜೂ ಒಂದೇ. ವ್ಯತ್ಯಾಸ ಇರುವುದು ಸೀಟು, ಪರದೆಗಳಲ್ಲಿ ಮಾತ್ರ” ಎಂದರು. ಮನೆಗೆ ಬಂದು ಕೈಪಿಡಿಯ ಕೊನೆಯ ಪುಟದ ಸಣ್ಣಕ್ಷರಗಳನ್ನು ಓದಿದರೆ ಎರಡು ವೇರಿಯಂಟ್‌ಗಳಿಗೆ ಎರಡು ಅಂಕಿಗಳಿದ್ದವು. ನನಗೆ ನಿಜವಾಗಿಯೂ ಸಿಟ್ಟು ಬಂತು. ಇಂಧನ ಉಳಿಸಲೆಂದೇ ಹೈಬ್ರಿಡ್ ಕೊಳ್ಳಲು ಬಂದವರಿಗೆ ಮುಚ್ಚಿಡಬಾರದ ವಿಷಯವಿದ್ದರೆ ಅದು ಇದೇ. ನಡುವಣ ವೇರಿಯಂಟನ್ನು ಓಡಿಸಿ ನೋಡದೆ ಬುಕ್ ಮಾಡುವುದಿಲ್ಲ ಎಂದು ಪಟ್ಟು ಹಿಡಿದೆ. ಮೂರು ವಾರ ಕಾಯಿಸಿ ಕೊಟ್ಟರು. ಕಾದದ್ದು ಸಾರ್ಥಕವಾಯಿತು.

ವ್ಯತ್ಯಾಸದ ಮೂಲ ಚಕ್ರದಲ್ಲಿದೆ. ನನ್ನದಕ್ಕೆ 17 ಇಂಚಿನ ಚಕ್ರ, ಅಕ್ಕನದಕ್ಕೆ 19 ಇಂಚು. ಇದು ನಮ್ಮ ಕಾರಿಗೆ ಮಾತ್ರ ಸೇರಿದ ಸಂಗತಿಯಲ್ಲ. 2023ರ ಟೊಯೋಟಾ ಪ್ರಿಯಸ್‌ನ ಉದಾಹರಣೆ ನೋಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಪಟ್ಟಿಯಲ್ಲಿ 17 ಇಂಚಿನ ಚಕ್ರವಿರುವ ಎಲ್‌ಇ ವೇರಿಯಂಟ್‌ಗೆ ಗ್ಯಾಲನ್‌ಗೆ 57 ಮೈಲಿ, ಅಂದರೆ ಲೀಟರಿಗೆ ಸುಮಾರು 24 ಕಿಲೋಮೀಟರ್. 19 ಇಂಚಿನ ಚಕ್ರವಿರುವ ಮೇಲಿನ ವೇರಿಯಂಟ್‌ಗಳಿಗೆ 52 ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್. ಟೊಯೋಟಾದ್ದೇ ಆದ 2018ರ ಕ್ಯಾಮ್ರಿ ಹೈಬ್ರಿಡ್‌ನಲ್ಲಿ ಅಂತರ ಇನ್ನೂ ದೊಡ್ಡದು: ಎಲ್‌ಇಗೆ 52, ಮೇಲಿನವಕ್ಕೆ 46. ಅಲ್ಲಿ ಚಕ್ರವಷ್ಟೇ ಅಲ್ಲ, ಬ್ಯಾಟರಿಯೇ ಬೇರೆ. ಕೆಳಗಿನ ಎಲ್‌ಇಗೆ ಹಗುರವಾದ ಲಿಥಿಯಂ ಅಯಾನ್ ಬ್ಯಾಟರಿ, ಮೇಲಿನವಕ್ಕೆ ನಿಕಲ್ ಮೆಟಲ್ ಹೈಡ್ರೈಡ್. ಹೆಚ್ಚು ಹಣ ಕೊಟ್ಟವರಿಗೆ ಕಡಿಮೆ ಮೈಲೇಜ್! ಹಾಗಾಗಿ ವೇರಿಯಂಟ್ ಪಟ್ಟಿಯಲ್ಲಿ ನಾನು ಮೊದಲು ಹುಡುಕುವುದು ಟೈರಿನ ಅಳತೆ ಮತ್ತು ಬ್ಯಾಟರಿಯ ಬಗೆ.

ನನ್ನ ಲೆಕ್ಕ ಡ್ಯಾಶ್‌ಬೋರ್ಡ್ ತೋರಿಸುವ ಅಂಕಿಯಲ್ಲ. ಅದು ಯಾವಾಗಲೂ ಸ್ವಲ್ಪ ಮೇಲೆಯೇ ಇರುತ್ತದೆ. ಟ್ಯಾಂಕ್ ಭರ್ತಿ ಮಾಡಿಸಿ, ಮುಂದಿನ ಭರ್ತಿಗೆ ಹಿಡಿದ ಲೀಟರುಗಳಿಂದ ಓಡಿದ ದೂರವನ್ನು ಭಾಗಿಸಿ ಪುಸ್ತಕದಲ್ಲಿ ಬರೆದಿಟ್ಟದ್ದು. ನನ್ನ ಸರಾಸರಿ ಲೀಟರಿಗೆ 22, ಅಕ್ಕನದು 20ರ ಆಸುಪಾಸು. ಎರಡೇ ಕಿಲೋಮೀಟರ್ ತಾನೇ ಎನಿಸಬಹುದು. ನಾನು ಓಡಿಸಿದ ದೂರಕ್ಕೆ ಅದು 280 ಲೀಟರ್ ಪೆಟ್ರೋಲ್. ಜೊತೆಗೆ ಅವಳ ಟೈರಿನ ಪಕ್ಕದ ಗೋಡೆ ತೆಳು. ಗುಂಡಿಗೆ ಬಿದ್ದರೆ ಏಟು ನೇರವಾಗಿ ಬೆನ್ನಿಗೆ ಬಡಿಯುತ್ತದೆ. ಒಮ್ಮೆ ಟೈರ್ ಉಬ್ಬಿಯೂ ಹೋಯಿತು, ಆ ಅಳತೆಯ ಟೈರ್ ಸಿಗಲು ಒಂದು ವಾರ ಹಿಡಿಯಿತು. ನನ್ನ ಡಿಕ್ಕಿಯಲ್ಲಿ ಸ್ಟೆಪ್ನಿ ಇದೆ. ಅವಳದರಲ್ಲಿ ಪಂಕ್ಚರ್ ಕಿಟ್ ಮಾತ್ರ. ಪಕ್ಕ ಸೀಳಿದ ಟೈರಿಗೆ ಆ ಕಿಟ್ ಯಾವ ಕೆಲಸಕ್ಕೂ ಬಾರದು.

ಹಾಗಾದರೆ ಬೇಸ್ ಮಾಡೆಲ್ ಇನ್ನೂ ಒಳ್ಳೆಯದಲ್ಲವೇ ಎಂದು ಹಲವರು ಕೇಳಿದ್ದಾರೆ. ಮೈಲೇಜ್ ಒಂದನ್ನೇ ನೋಡಿದರೆ ಹೌದು. ಆದರೆ ನಮ್ಮ ಕಾರಿನ ಬೇಸ್ ಮಾಡೆಲ್‌ನಲ್ಲಿ ಬ್ಲೈಂಡ್ ಸ್ಪಾಟ್ ಎಚ್ಚರಿಕೆ, ಅಂದರೆ ಕನ್ನಡಿಗೆ ಕಾಣದ ಜಾಗದಲ್ಲಿ ವಾಹನವಿದ್ದರೆ ತಿಳಿಸುವ ವ್ಯವಸ್ಥೆ, ಇರಲಿಲ್ಲ. ಒಂದು ಮಳೆಯ ರಾತ್ರಿ ಹೆದ್ದಾರಿಯಲ್ಲಿ ಲಾರಿಯನ್ನು ಹಿಂದೆ ಹಾಕಲು ಪಥ ಬದಲಿಸುವವನಿದ್ದೆ. ಕನ್ನಡಿಯಲ್ಲಿ ಏನೂ ಕಾಣಲಿಲ್ಲ. ಸ್ಟಿಯರಿಂಗ್ ತಿರುಗಿಸಬೇಕು ಎನ್ನುವಷ್ಟರಲ್ಲಿ ಕನ್ನಡಿಯ ಅಂಚಿನ ದೀಪ ಹೊತ್ತಿಕೊಂಡಿತು. ಮರುಕ್ಷಣ ಒಂದು ಮೋಟಾರ್ ಸೈಕಲ್ ಪಕ್ಕದಲ್ಲಿ ಹಾದುಹೋಯಿತು. ಹಿಂದೆ ಒಂದು ಮಗು ಕುಳಿತಿತ್ತು. ಆ ದೀಪ ಹೊತ್ತಿಸುವ ಸಂವೇದಕಗಳು ಹಿಂದಿನ ಬಂಪರಿನ ಒಳಗೆ ಕೂತು ಕಾರಿನ ಕಂಪ್ಯೂಟರಿನೊಂದಿಗೆ ಬೆಸೆದುಕೊಂಡಿರುತ್ತವೆ. ಆಮೇಲೆ ಹೊರಗಿನಿಂದ ತಂದು ಸೇರಿಸಿದರೆ ಅದೇ ಭರವಸೆ ಇರುವುದಿಲ್ಲ. ಸೀಟಿನ ಕವರು, ನೆಲದ ಮ್ಯಾಟು, ಸ್ಪೀಕರು ಯಾವಾಗ ಬೇಕಾದರೂ ಹಾಕಿಸಬಹುದು. ಆಮೇಲೆ ಹಾಕಿಸಲಾಗದ್ದಕ್ಕೆ ಮಾತ್ರ ವೇರಿಯಂಟ್ ಏರಬೇಕು ಎಂಬ ನನ್ನ ನಿಲುವು ಅಂದಿನಿಂದ ಗಟ್ಟಿಯಾಗಿದೆ.

ಒಂದು ವಿಷಯದಲ್ಲಿ ನನ್ನ ಎಣಿಕೆ ತಪ್ಪಿತ್ತು. ಟಾಪ್ ಮಾಡೆಲ್‌ನಲ್ಲಿ ಗಾಳಿಯಾಡುವ ಮತ್ತು ಬಿಸಿಯಾಗುವ ಸೀಟುಗಳಿವೆ. ಅವನ್ನು ಬರಿಯ ಐಷಾರಾಮ ಎಂದುಕೊಂಡಿದ್ದೆ. ಅಕ್ಕನ ಕಾರನ್ನು ಕಡುಚಳಿಯಲ್ಲಿ ಒಂದು ತಿಂಗಳು ಓಡಿಸಿದಾಗ ಅದರ ಬೆಲೆ ತಿಳಿಯಿತು. ಇಂಥ ಕಾರುಗಳಲ್ಲಿ ಒಳಗನ್ನು ಬೆಚ್ಚಗಿಡುವ ಶಾಖ ಮುಖ್ಯವಾಗಿ ಎಂಜಿನ್‌ನಿಂದ ಬರುತ್ತದೆ. ಹೀಟರ್ ಜೋರಾಗಿ ಹಾಕಿಕೊಂಡರೆ ಸಿಗ್ನಲ್‌ನಲ್ಲಿ ನಿಂತಾಗಲೂ ಎಂಜಿನ್ ಆರದೆ ಓಡುತ್ತಲೇ ಇರುತ್ತದೆ. ಸೀಟು ಬೆಚ್ಚಗಿದ್ದರೆ ಹೀಟರನ್ನು ತಗ್ಗಿಸಬಹುದು, ಎಂಜಿನ್‌ಗೆ ವಿರಾಮ ಸಿಗುತ್ತದೆ. ಬಿಸಿಲಿನಲ್ಲೂ ಹೀಗೆಯೇ. ಎ.ಸಿ. ಕಂಪ್ರೆಸರ್ ವಿದ್ಯುತ್ತಿನಿಂದ ತಿರುಗುವುದರಿಂದ ಎಂಜಿನ್ ನಿಂತರೂ ತಂಪು ಬರುತ್ತದೆ ನಿಜ, ಆದರೆ ಆ ವಿದ್ಯುತ್ತು ಬ್ಯಾಟರಿಯದು. ಅದು ಇಳಿದೊಡನೆ ತುಂಬಿಸಲು ಎಂಜಿನ್ ಎದ್ದುಬಿಡುತ್ತದೆ. ಸೀಟಿನಲ್ಲಿ ಗಾಳಿಯಾಡಿದರೆ ಎ.ಸಿ.ಯನ್ನು ಒಂದೆರಡು ಡಿಗ್ರಿ ಮೇಲಿಟ್ಟರೂ ಸೆಕೆ ತಿಳಿಯುವುದಿಲ್ಲ. ಚಳಿಯೋ ಬಿಸಿಲೋ ತೀವ್ರವಾಗಿರುವ ಕಡೆ ಇರುವವರು ಈ ಒಂದು ಸೌಲಭ್ಯವನ್ನು ಗಂಭೀರವಾಗಿ ಯೋಚಿಸಲಿ. ಇದನ್ನು ನಡುವಣ ವೇರಿಯಂಟ್‌ನಲ್ಲಿ ಕೊಡದೆ ಸನ್‌ರೂಫಿನ ಜೊತೆ ಗಂಟುಹಾಕಿ ಟಾಪ್‌ನಲ್ಲಿ ಮಾತ್ರ ಇಟ್ಟಿರುವುದು ನನಗೆ ಈಗಲೂ ಬೇಸರ.

ಸನ್‌ರೂಫ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಚೌಕಟ್ಟಿನಿಂದ ಒಳಚಾವಣಿ ತಗ್ಗಿದೆ. ಎತ್ತರದ ಭಾವ ಹಿಂದಿನ ಸೀಟಿನಲ್ಲಿ ಕೂತರೆ ತಲೆ ತಾಗುತ್ತದೆ, ಹಾಗಾಗಿ ದೂರದ ಪ್ರಯಾಣಕ್ಕೆಲ್ಲ ನನ್ನ ಕಾರೇ ಹೊರಡುತ್ತದೆ. ದೊಡ್ಡ ಪರದೆ ಚೆನ್ನಾಗಿದೆ, ಆದರೆ ನನ್ನ ಚಿಕ್ಕ ಪರದೆಯಲ್ಲೂ ಮೊಬೈಲಿನ ನಕ್ಷೆ ಅಷ್ಟೇ ಸ್ಪಷ್ಟ.

ನಿರ್ವಹಣೆಯಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ವೇಗ ತಗ್ಗಿಸುವಾಗ ಮೋಟಾರೇ ಬಹುಪಾಲು ಬ್ರೇಕಿನ ಕೆಲಸ ಮಾಡಿ ಬ್ಯಾಟರಿ ತುಂಬಿಸುವುದರಿಂದ ಇಬ್ಬರ ಬ್ರೇಕ್ ಪ್ಯಾಡುಗಳೂ ಕಾರು ಕೊಂಡಾಗಿನವೇ. ಹಿಂದಿನ ಸೀಟಿನ ಪಕ್ಕದಲ್ಲಿ ಬ್ಯಾಟರಿಗೆ ಗಾಳಿ ಹೋಗುವ ಕಿಂಡಿ ಇದೆ. ಅದರ ಜಾಲರಿಯಲ್ಲಿ ಧೂಳು, ಕೂದಲು ಕಟ್ಟಿಕೊಳ್ಳದಂತೆ ಆಗಾಗ ಶುಚಿ ಮಾಡಿಸುತ್ತೇನೆ. ಮೂರನೇ ವರ್ಷ ನನ್ನ ಕಾರು ಒಂದು ಬೆಳಿಗ್ಗೆ ಎಚ್ಚರಗೊಳ್ಳಲೇ ಇಲ್ಲ. ದೊಡ್ಡ ಬ್ಯಾಟರಿಗೆ ಏನೂ ಆಗಿರಲಿಲ್ಲ. ನಾನು ಹಾಕಿಸಿದ್ದ ಡ್ಯಾಶ್‌ಕ್ಯಾಮ್, ನಿಂತ ಕಾರಿನಲ್ಲೂ ಚಿತ್ರೀಕರಿಸುತ್ತ 12 ವೋಲ್ಟಿನ ಚಿಕ್ಕ ಬ್ಯಾಟರಿಯನ್ನು ಖಾಲಿ ಮಾಡಿತ್ತು. ಕಂಪ್ಯೂಟರುಗಳಿಗೆ ಜೀವ ಕೊಡುವುದು ಆ ಚಿಕ್ಕ ಬ್ಯಾಟರಿ. ಅದು ಸತ್ತರೆ ದೊಡ್ಡದು ತುಂಬಿದ್ದರೂ ಕಾರು ಹೊರಡದು.

ಕಳೆದ ವರ್ಷ 45,000 ಕಿಲೋಮೀಟರಿಗೆ ಅಕ್ಕನ ಟೈರುಗಳು ಸವೆದವು. “ನಿನ್ನ ಚಕ್ರ ನನ್ನ ಕಾರಿಗೆ ಕೂರುತ್ತದೇನೋ ಕೇಳಿ ನೋಡು” ಎಂದಳು. ಎರಡರ ಬ್ರೇಕಿನ ಗಾತ್ರ ಒಂದೇ, ಟೈರು ಸೇರಿದ ಒಟ್ಟು ವ್ಯಾಸದಲ್ಲಿ ಗಮನಿಸುವಂಥ ವ್ಯತ್ಯಾಸವಿಲ್ಲ, ಭಾರ ಹೊರುವ ಸೂಚ್ಯಂಕವೂ ಸಾಕಷ್ಟಿದೆ ಎಂದು ಸರ್ವೀಸಿನವರು ಪರೀಕ್ಷಿಸಿ ಹೇಳಿದರು. 17 ಇಂಚಿನ ನಾಲ್ಕು ಚಕ್ರಗಳನ್ನು ಹಾಕಿಸಿದೆವು. ಮೂರನೇ ಭರ್ತಿಯ ಹೊತ್ತಿಗೆ ಅವಳ ಕಾರು ಲೀಟರಿಗೆ 21.3 ತೋರಿತು. ಹಳೆಯ 19 ಇಂಚಿನ ಚಕ್ರಗಳನ್ನು ಅವಳು ಇನ್ನೂ ಮಾರಿಲ್ಲ. ಕಾರು ಮಾರುವ ದಿನ ಕೊಳ್ಳುವವರು ಅವನ್ನೇ ಕೇಳುತ್ತಾರೆ ಎಂದು ಭಾವ ಹೇಳಿದ್ದಾರೆ.