ಉಚಿತ ಕಾನೂನು ನೆರವು: ಫೀಸು ಸೊನ್ನೆ, ಸ್ಟಾರ್ ಮೂರೂವರೆ

ಖಾಸಗಿ ವಕೀಲರಿಗೆ ಕೊಟ್ಟದ್ದು 35,000 ರೂಪಾಯಿ. ಕಾನೂನು ನೆರವಿನವರಿಗೆ ಕೊಟ್ಟದ್ದು ಸೊನ್ನೆ. ನನ್ನ ತಮ್ಮ ಜೈಲಿನಿಂದ ಹೊರಗೆ ಬಂದದ್ದು ಸೊನ್ನೆ ಕೊಟ್ಟ ಕಡೆಯಿಂದ. ಹಾಗಂತ ಐದಕ್ಕೆ ಐದು ಸ್ಟಾರ್ ಕೊಡುವ ಹಾಗೂ ಇಲ್ಲ. ಬರೆದದ್ದು ಉದ್ದ ಆಗಿದೆ, ಆದರೆ ನಿಮ್ಮ ಮನೆಯವರು ಯಾರಾದರೂ ಒಳಗಿದ್ದರೆ ದಯವಿಟ್ಟು ಪೂರ್ತಿ ಓದಿ.

ತಮ್ಮ ಅಂದರೆ ಚಿಕ್ಕಮ್ಮನ ಮಗ. ಅಡಿಕೆ ಗೋಡೌನಿನಲ್ಲಿ ಕೆಲಸಕ್ಕಿದ್ದ. ಸ್ಟಾಕ್ ಲೆಕ್ಕ ಮಾಡುವಾಗ ಒಂಬತ್ತು ಚೀಲ ರಾಶಿ ಅಡಿಕೆ ಕಮ್ಮಿ ಬಂತು, ಮಾಲೀಕರು ಕಂಪ್ಲೇಂಟ್ ಕೊಟ್ಟರು, ಒಂದು ಭಾನುವಾರ ಪೊಲೀಸರು ಬಂದು ಕರೆದುಕೊಂಡು ಹೋದರು. ಮರುದಿನ, 2025ರ ಮಾರ್ಚ್ 3ಕ್ಕೆ, ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿ ಜೈಲಿಗೆ ಕಳಿಸಿದರು. ಅವನು ಕದ್ದಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. ಚಿಕ್ಕಮ್ಮ ಇಲ್ಲ ಅನ್ನುತ್ತಾರೆ, ತಾಯಿ ಇನ್ನೇನು ಅಂದಾರು. ಅದನ್ನು ಕೋರ್ಟ್ ಹೇಳಬೇಕು, ಇನ್ನೂ ಹೇಳಿಲ್ಲ. ಹೇಳುವ ಮೊದಲೇ ಅವನು ನಾಲ್ಕು ತಿಂಗಳಿಗೂ ಜಾಸ್ತಿ ಒಳಗಿದ್ದು ಬಂದ.

ಕೇಸು ಕೆಲಸದವರು ಮಾಡುವ ಕಳ್ಳತನದ್ದು, ಭಾರತೀಯ ನ್ಯಾಯ ಸಂಹಿತೆಯ 306ನೇ ಸೆಕ್ಷನ್, ಹೆಚ್ಚೆಂದರೆ ಏಳು ವರ್ಷ ಶಿಕ್ಷೆ. ಏಳು ವರ್ಷದ ತನಕದ ಕೇಸುಗಳಲ್ಲಿ ಸುಮ್ನೆ ಹಿಡಿದು ಒಳಗೆ ಹಾಕಬೇಡಿ, ಬಂಧನ ಯಾಕೆ ಬೇಕು ಅಂತ ಪೊಲೀಸರು ಕಾರಣ ಬರೆಯಬೇಕು, ಮ್ಯಾಜಿಸ್ಟ್ರೇಟರು ಅದನ್ನು ನೋಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಅರ್ನೇಶ್ ಕುಮಾರ್ ಕೇಸಿನಲ್ಲಿ ಹೇಳಿದೆ. ನನಗೆ ಇದು ಗೊತ್ತಾದದ್ದು ಮೇ ತಿಂಗಳಲ್ಲಿ. ಆಗ ಗೊತ್ತಾಗಿ ಏನು ಪ್ರಯೋಜನ.

ಪೇಟೆಯಲ್ಲಿ ಯಾರೋ ಹೇಳಿದರು ಅಂತ ಒಬ್ಬ ವಕೀಲರನ್ನು ಹಿಡಿದೆವು. ಹೆಸರು ಬೇಡ. ಚಿಕ್ಕಮ್ಮ ಬಳೆ ಅಡವಿಟ್ಟು 35,000 ತಂದುಕೊಟ್ಟರು. ಅವರು ವಕಾಲತ್ತಿಗೆ ಸಹಿ ಹಾಕಿಸಿಕೊಂಡರು, "ಚಾರ್ಜ್‌ಶೀಟ್ ಬರಲಿ, ಆಮೇಲೆ ಜಾಮೀನು ಹಾಕೋಣ" ಅಂದರು. ನಾವು ತಲೆಯಾಡಿಸಿದೆವು. ದೊಡ್ಡ ತಪ್ಪು ಆದದ್ದೇ ಇಲ್ಲಿ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ತನಿಖೆ ಮುಗಿಸಿ ಚಾರ್ಜ್‌ಶೀಟ್ ಹಾಕಲು ಪೊಲೀಸರಿಗೆ ಗಡುವು ಇದೆ. ಗಲ್ಲು, ಜೀವಾವಧಿ, ಅಥವಾ ಹತ್ತು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಕೇಸಾದರೆ 90 ದಿನ, ಉಳಿದವಕ್ಕೆ 60 ದಿನ. ಮೊದಲು ಹಳೇ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 167(2) ಅನ್ನುತ್ತಿದ್ದರು, ಈಗ ನಾಗರಿಕ ಸುರಕ್ಷಾ ಸಂಹಿತೆಯ 187(3). ಅಷ್ಟರಲ್ಲಿ ಚಾರ್ಜ್‌ಶೀಟ್ ಬರದಿದ್ದರೆ ಒಳಗಿರುವವನಿಗೆ ಜಾಮೀನು ಹಕ್ಕು, ಕೇಸಿನ ಗುಣದೋಷ ನೋಡುವ ಹಾಗಿಲ್ಲ. ಡೀಫಾಲ್ಟ್ ಜಾಮೀನು ಅನ್ನುತ್ತಾರೆ. ಆದರೆ ಅದು ತಾನಾಗಿ ಕೈಗೆ ಬರುವುದಿಲ್ಲ, ಕೇಳಬೇಕು. ಬಾಯಿಮಾತಲ್ಲಿ ಕೇಳಿದರೂ ನಡೆಯುತ್ತದೆ ಅಂತ 2017ರಲ್ಲಿ ಅಸ್ಸಾಮಿನ ರಾಕೇಶ್ ಕುಮಾರ್ ಪೌಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಕೇಳುವ ಮೊದಲೇ ಪೊಲೀಸರು ತಡವಾಗಿಯಾದರೂ ಚಾರ್ಜ್‌ಶೀಟ್ ಹಾಕಿಬಿಟ್ಟರೆ ಆ ಹಕ್ಕು ಅಲ್ಲಿಗೆ ಮುಗೀತು.

ಈಗ ನಮ್ಮ ಲೆಕ್ಕ ನೋಡಿ. ದಿನ ಎಣಿಸುವುದು ಹಿಡಿದ ದಿನದಿಂದ ಅಲ್ಲ, ರಿಮ್ಯಾಂಡ್ ಆದ, ಅಂದರೆ ಮ್ಯಾಜಿಸ್ಟ್ರೇಟ್ ಒಳಗೆ ಕಳಿಸಿದ ದಿನದಿಂದ, ಮತ್ತು ಆ ದಿನವೂ ಸೇರಿ. ಇದರ ಮೇಲೇ ವರ್ಷಗಟ್ಟಲೆ ವಾದ ನಡೆದು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಸೇರಿಸಿ ಎಣಿಸಿ ಅಂತ ತೀರ್ಮಾನ ಮಾಡಿದರು. ಮಾರ್ಚ್ 3 ಒಂದನೇ ದಿನ ಆದರೆ ಮೇ 1 ಅರವತ್ತನೇ ದಿನ. ಮೇ 2ರ ಶುಕ್ರವಾರ ಬೆಳಿಗ್ಗೆ ಅರ್ಜಿ ಹಾಕಿದ್ದರೆ ತಮ್ಮ ಹೊರಗೆ. ಪೊಲೀಸರು ಚಾರ್ಜ್‌ಶೀಟ್ ಹಾಕಿದ್ದು ಮೇ 6ಕ್ಕೆ. ನಡುವೆ ನಾಲ್ಕು ದಿನ ಬಾಗಿಲು ತೆರೆದೇ ಇತ್ತು. ನಮ್ಮ ವಕೀಲರು ಫೋನ್ ಎತ್ತಲಿಲ್ಲ, ಏಳರಂದು ಎತ್ತಿ "ಚಾರ್ಜ್‌ಶೀಟ್ ಬಂತಲ್ಲ, ಇನ್ನು ನೋಡೋಣ" ಅಂದರು. ಚಿಕ್ಕಮ್ಮನ ಅಡುಗೆಮನೆ ಗೋಡೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆ. ಅದರಲ್ಲಿ ಅವನು ಹೋದ ದಿನದಿಂದ ಒಂದೊಂದು ದಿನಕ್ಕೂ ಗೀಟು ಹಾಕಿದ್ದಾರೆ. ಎಣಿಸಿದವರು ಅವರು, ಎಣಿಸಬೇಕಾದವರು ಎಣಿಸಲಿಲ್ಲ.

ಸೇವೆಯ ವಿಷಯಕ್ಕೆ ಬರುತ್ತೇನೆ.

ಮೇ 12ಕ್ಕೆ ನಾನು 15100ಕ್ಕೆ ಫೋನ್ ಮಾಡಿದೆ. ಇದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ, ದೇಶಕ್ಕೆಲ್ಲ ಒಂದೇ ನಂಬರು. ಮೂರನೇ ಸಲ ಸಿಕ್ಕಿತು. ಎತ್ತಿದವರು ಚೆನ್ನಾಗಿ ಮಾತಾಡಿದರು, ಜೈಲಿನಲ್ಲಿರುವವರಿಗೆ ಆದಾಯದ ಮಿತಿ ಇಲ್ಲ, ಸರ್ಟಿಫಿಕೇಟ್ ಏನೂ ಬೇಡ, ಜಿಲ್ಲಾ ಕೋರ್ಟ್ ಆವರಣಕ್ಕೇ ಹೋಗಿ ಅಂದರು. ನಿಜ, 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಸೆಕ್ಷನ್ನಿನಲ್ಲೇ ಇದೆ. ಕಸ್ಟಡಿಯಲ್ಲಿ ಇರುವವರು ಬಡವರೋ ಸಾಹುಕಾರರೋ ಕೇಳುವಂತಿಲ್ಲ. ನಾವು ಬಿಪಿಎಲ್ ಕಾರ್ಡ್ ಇದ್ದರೆ ಮಾತ್ರ ಅಂದುಕೊಂಡು ಬಳೆ ಅಡವಿಟ್ಟಿದ್ದೆವು.

ಆಫೀಸು ಹುಡುಕುವುದೇ ಒಂದು ಕೆಲಸ. ಕೋರ್ಟ್ ಕ್ಯಾಂಟೀನ್ ಹಿಂದೆ, ಮೆಟ್ಟಿಲು ಹತ್ತಿ ಎಡಕ್ಕೆ. ಬೋರ್ಡ್ ಇದೆ, ಅದರ ಮುಂದೆ ಕಬ್ಬಿಣದ ಬೀರು ನಿಲ್ಲಿಸಿದ್ದಾರೆ. ಊಟದ ಹೊತ್ತಿಗೆ ಹೋದರೆ ಯಾರೂ ಇರುವುದಿಲ್ಲ, ಹನ್ನೊಂದರಿಂದ ಒಂದೂವರೆ ಒಳಗೆ ಹೋಗಿ. ಅರ್ಜಿ ಫಾರಂ ಕನ್ನಡದಲ್ಲೇ ಇದೆ, ಒಂದೇ ಹಾಳೆ. ಗುಮಾಸ್ತರು ಗಡಿಬಿಡಿಯವರು, ಆದರೆ ದುಡ್ಡಿನ ಮಾತು ಎತ್ತಲಿಲ್ಲ, ಇದನ್ನು ಒತ್ತಿ ಹೇಳುತ್ತೇನೆ, ಯಾರೂ ಒಂದು ರೂಪಾಯಿ ಕೇಳಲಿಲ್ಲ. ಹಳೇ ವಕೀಲರಿಂದ ನಿರಾಕ್ಷೇಪಣೆ ಬರೆಸಿಕೊಂಡು ಬನ್ನಿ ಅಂದರು. ಅದಕ್ಕೆ ಮೂರು ದಿನ ಅಲೆದೆ. ಆ ಪತ್ರ ಕೊಡುವಾಗ ಮಾತ್ರ ಆ ವಕೀಲರು ಮೊದಲ ಸಲ ಕುರ್ಚಿ ಕೊಟ್ಟು ಕೂರಿಸಿದರು.

ನಮಗೆ ಕೊಟ್ಟದ್ದು ಕಾನೂನು ನೆರವು ಅಭಿರಕ್ಷಕರ ಕಚೇರಿಯ ಒಬ್ಬ ವಕೀಲೆ ಮೇಡಂ. ಈ ವ್ಯವಸ್ಥೆ 2022ರಿಂದ ಬಂದದ್ದು. ಇವರಿಗೆ ತಿಂಗಳ ಸಂಬಳ, ಕ್ರಿಮಿನಲ್ ಕೇಸುಗಳಲ್ಲಿ ಆರೋಪಿ ಪರ ನಿಲ್ಲುವುದಷ್ಟೇ ಕೆಲಸ, ಸ್ವಂತ ಪ್ರಾಕ್ಟೀಸ್ ಇಲ್ಲ. ವಯಸ್ಸು ಮೂವತ್ತೂ ಇರಲಿಕ್ಕಿಲ್ಲ. ನಾನು ಮನಸ್ಸಲ್ಲೇ, ಪುಕ್ಕಟೆ ಸಿಕ್ಕಿದ್ದಕ್ಕೆ ಎಳೆಯವರನ್ನು ಕೊಟ್ಟಿದ್ದಾರೆ ಅಂದುಕೊಂಡೆ. ತಪ್ಪು. ಎಫ್‌ಐಆರ್ ಓದುತ್ತಲೇ ಬೆರಳು ಮಡಚಿ ದಿನ ಎಣಿಸಿದರು, ಮೇ 2ಕ್ಕೆ ಬಂದು ನಿಲ್ಲಿಸಿ ತಲೆ ಎತ್ತಿ ನನ್ನನ್ನು ನೋಡಿದರು. ಏನೂ ಅನ್ನಲಿಲ್ಲ.

ಅವತ್ತೇ ಕೇಳಿದೆ, ಮೇಡಂ, ತಪ್ಪು ಸಾಬೀತಾಗದೆ ಎಷ್ಟು ದಿನ ಅಂತ ಇಡಬಹುದು, ಇದಕ್ಕೊಂದು ಲೆಕ್ಕ ಇಲ್ವಾ? ಅವರು ಹೇಳಿದ್ದನ್ನು ನನಗೆ ಅರ್ಥವಾದ ಮಟ್ಟಿಗೆ ಬರೆಯುತ್ತೇನೆ. ಇಂತಿಷ್ಟೇ ದಿನ ಅಂತ ಸಂವಿಧಾನದಲ್ಲಿ ಬರೆದಿಲ್ಲ. 21ನೇ ವಿಧಿ ಬದುಕು ಮತ್ತು ಸ್ವಾತಂತ್ರ್ಯದ್ದು, ಬೇಗ ವಿಚಾರಣೆ ಅದರೊಳಗೇ ಇದೆ ಅಂತ ಆದದ್ದು 1979ರಲ್ಲಿ, ಹುಸೈನಾರಾ ಖಾತೂನ್ ಕೇಸಿನಲ್ಲಿ. ಬಿಹಾರದ ಜೈಲುಗಳಲ್ಲಿ ಕೆಲವರು ತಪ್ಪು ಸಾಬೀತಾಗಿದ್ದರೆ ಎಷ್ಟು ವರ್ಷ ಶಿಕ್ಷೆ ಆಗುತ್ತಿತ್ತೋ ಅದಕ್ಕಿಂತ ಜಾಸ್ತಿ ವರ್ಷ ವಿಚಾರಣೆಯೇ ಇಲ್ಲದೆ ಕಳೆದಿದ್ದರು. ಕಪಿಲಾ ಹಿಂಗೋರಾನಿ ಅನ್ನುವ ವಕೀಲೆ ಪೇಪರಿನ ವರದಿ ಹಿಡಿದುಕೊಂಡು ಸುಪ್ರೀಂ ಕೋರ್ಟಿಗೆ ಹೋದರು. ಬಡವರಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು ಅನ್ನುವುದೂ ಅದೇ ಕೇಸಿನಲ್ಲಿ ಗಟ್ಟಿಯಾಯಿತು. ಅಂದರೆ ನಾನು ಸ್ಟಾರ್ ಕೊಡುತ್ತಿರುವ ಈ ಸೇವೆಯ ಬೇರು ಅಲ್ಲಿದೆ. ಅದೇ 1979ರಲ್ಲಿ ಭಾರತ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಗೂ ಸೇರಿತು. ಅದರ 9ನೇ ವಿಧಿ ನೇರ ಹೇಳುತ್ತದೆ: ಸಮಂಜಸವಾದ ಸಮಯದಲ್ಲಿ ವಿಚಾರಣೆ ನಡೆಸಿ, ಇಲ್ಲ ಅಂದರೆ ಬಿಡಿ. ವಿಚಾರಣೆಗೆ ಕಾಯುವವರನ್ನು ಒಳಗಿಡುವುದು ಮಾಮೂಲಿ ಆಗಬಾರದು.

ಮಾಮೂಲಿ ಆಗಿಬಿಟ್ಟಿದೆ ಅನ್ನುವುದು ಬೇರೆ ಮಾತು. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು, ಅದರಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರು. ಸರ್ಕಾರದ್ದೇ ಅಂಕಿ.

ಜಾಮೀನು ಅರ್ಜಿ ಮೇ 19ಕ್ಕೆ ಹಾಕಿದರು, ಜೂನ್ 4ಕ್ಕೆ ಮಂಜೂರಾಯಿತು. ಚಿಕ್ಕಮ್ಮ ಹೋಳಿಗೆ ಮಾಡಲು ಬೇಳೆ ನೆನೆಸಿದರು. ನೆನೆಸಿದ್ದು ಹಾಗೇ ಉಳಿಯಿತು. ಷರತ್ತು ಒಂದು ಲಕ್ಷದ ಬಾಂಡ್, ಅಷ್ಟೇ ಮೊತ್ತಕ್ಕೆ ಒಬ್ಬ ಶ್ಯೂರಿಟಿ. ಶ್ಯೂರಿಟಿ ಅಂದರೆ ನಮ್ಮ ಕಡೆ ಪಹಣಿ ಇರುವವರು. ಚಿಕ್ಕಮ್ಮನಿಗೆ ಜಮೀನಿಲ್ಲ. ಜಮೀನು ಇರುವ ನೆಂಟರು ಫೋನಿನಲ್ಲಿ "ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರೂ ಜಂಟಿ ಇದೆ ಕಣಮ್ಮ" ಅಂದರು. ಕಳ್ಳತನದ ಕೇಸಿಗೆ ಪಹಣಿ ಕೊಡಲು ಯಾರಿಗೆ ಧೈರ್ಯ. ಅವನು ಜಾಮೀನು ಸಿಕ್ಕಿದ ಮೇಲೂ ಐದು ವಾರ ಒಳಗೇ ಇದ್ದ.

ಈ ಸೇವೆಗೆ ನಾನು ಒಂದೂವರೆ ಸ್ಟಾರ್ ಕಡಿಮೆ ಮಾಡಿದ್ದು ಇಲ್ಲಿ. 2023ರ ಜನವರಿ 31ಕ್ಕೆ ಸುಪ್ರೀಂ ಕೋರ್ಟ್ ಜಾಮೀನಿನ ಬಗ್ಗೆ ಸೂಚನೆಗಳನ್ನು ಕೊಟ್ಟಿದೆ. ಜಾಮೀನು ಸಿಕ್ಕಿ ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಸೂಪರಿಂಟೆಂಡೆಂಟ್ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು, ಅವರು ಪ್ಯಾರಾ ಲೀಗಲ್ ಸ್ವಯಂಸೇವಕರನ್ನೋ ಜೈಲಿಗೆ ಬರುವ ವಕೀಲರನ್ನೋ ಕಳಿಸಿ ಕಾರಣ ಕೇಳಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲು ಆಗದಿದ್ದರೆ ಷರತ್ತು ಸಡಿಲಿಸಬಹುದಾ ಅಂತ ಕೋರ್ಟ್ ತಾನಾಗಿ ನೋಡಬಹುದು. ನಮ್ಮ ವಿಷಯದಲ್ಲಿ ಏಳು ದಿನ ಹೋಯಿತು, ಹದಿನಾಲ್ಕು ಹೋಯಿತು, ಯಾರೂ ಬರಲಿಲ್ಲ. ಬಡ ಕೈದಿಗಳಿಗೆ ಜಾಮೀನಿನ ಹಣಕ್ಕೆ ಕೇಂದ್ರದ ನೆರವು 2023ರಿಂದ ಇದೆಯಂತೆ, ಅದಕ್ಕೂ ಇದೇ ಪ್ರಾಧಿಕಾರದ ಮೂಲಕವೇ ಹೋಗಬೇಕು. ಅದರ ಸುದ್ದಿ ಆಫೀಸಿನ ಗೋಡೆಯಲ್ಲೂ ಇಲ್ಲ, ಯಾರ ಬಾಯಲ್ಲೂ ಬರಲಿಲ್ಲ. ಮೇಡಂ ಬೇರೆ ಕೋರ್ಟುಗಳಲ್ಲಿ ಸಿಕ್ಕಿಹಾಕಿಕೊಂಡಿದ್ದರು, ಅವರ ಮೇಜಿನ ಮೇಲೆ ಇದ್ದ ಫೈಲಿನ ಕಟ್ಟು ನೋಡಿದರೆ ಬೈಯಲೂ ಮನಸ್ಸು ಬರುವುದಿಲ್ಲ.

ಕೊನೆಗೆ ಜುಲೈ ಮೊದಲ ವಾರ ಅವರೇ ಷರತ್ತು ಸಡಿಲಿಸಲು ಅರ್ಜಿ ಹಾಕಿದರು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಆಗಿದ್ದ ಕೃಷ್ಣ ಅಯ್ಯರ್ ಅವರ 1978ರ ಮೋತಿರಾಮ್ ತೀರ್ಪು ಓದಿ ಹೇಳಿದರಂತೆ. ಅದರಲ್ಲಿ ಗಾರೆ ಕೆಲಸದವನೊಬ್ಬನಿಗೆ ಹತ್ತು ಸಾವಿರದ ಶ್ಯೂರಿಟಿ ಕೇಳಿ, ಅಣ್ಣನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಅದನ್ನೂ ಬೇಡ ಅಂದಿದ್ದರು. ಐವತ್ತು ವರ್ಷ ಆಗುತ್ತಾ ಬಂತು, ಕಥೆ ಅದೇ. ನ್ಯಾಯಾಧೀಶರು ಮೊತ್ತವನ್ನು 25,000ಕ್ಕೆ ಇಳಿಸಿದರು. ಟ್ರ್ಯಾಕ್ಟರ್ ಇಟ್ಟುಕೊಂಡಿರುವ ನಮ್ಮ ದೂರದ ಮಾವ ಒಬ್ಬರು ಬಂದು ಸಹಿ ಹಾಕಿದರು. ಜುಲೈ 11ರ ಸಂಜೆ ಬಿಟ್ಟರು. ರಿಮ್ಯಾಂಡಿನಿಂದ ಎಣಿಸಿದರೆ 131 ದಿನ.

ತಮ್ಮ ಒಳಗಿನ ಒಬ್ಬರ ಬಗ್ಗೆ ಹೇಳಿದ, ಅದನ್ನೂ ಬರೆಯಬೇಕು. ಐವತ್ತು ದಾಟಿದವರು, ಒಂದು ಚಿಕ್ಕ ಕಳ್ಳತನದ ಕೇಸು, ಒಳಗೆ ಬಂದು ಒಂದೂವರೆ ವರ್ಷವಾಗಿದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಪ್ರಕಾರ ಹಿಂದೆ ಯಾವ ಕೇಸಿನಲ್ಲೂ ತಪ್ಪು ಸಾಬೀತಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ, ಉಳಿದವರು ಅರ್ಧ ಕಳೆದರೆ ಬಿಡಬೇಕು. ಗಲ್ಲು, ಜೀವಾವಧಿ ಕೇಸುಗಳಿಗೆ ಇದಿಲ್ಲ. ಅರ್ಜಿ ಹಾಕುವುದು ಜೈಲು ಸೂಪರಿಂಟೆಂಡೆಂಟರದೇ ಕರ್ತವ್ಯ. ಕಾನೂನು ಬರುವ ಮೊದಲಿನ ಕೇಸುಗಳಿಗೂ ಇದು ಸಲ್ಲುತ್ತದೆ ಅಂತ 2024ರ ಆಗಸ್ಟ್ 23ಕ್ಕೆ ಸುಪ್ರೀಂ ಕೋರ್ಟ್ ಹೇಳಿತು. ಮೂರು ವರ್ಷದ ಕೇಸು, ಅರ್ಧ ಅಂದರೆ ಒಂದೂವರೆ, ಲೆಕ್ಕ ಸರಿಹೋಯಿತು ಅಲ್ವಾ? ಇಲ್ಲ. ಅವರ ಮೇಲೆ ಇನ್ನೆರಡು ಕೇಸು ಬಾಕಿ ಇವೆ. ಒಂದಕ್ಕಿಂತ ಹೆಚ್ಚು ಕೇಸು ಇದ್ದರೆ ಈ ಸೆಕ್ಷನ್ನಿನಡಿ ಬಿಡುವಂತಿಲ್ಲ ಅಂತ ಅದರಲ್ಲೇ ಒಂದು ಗಂಟು ಹಾಕಿದ್ದಾರೆ. ಯಾರಿಗೆ ಇದು ಬೇಕೋ ಅವರಲ್ಲಿ ಎಷ್ಟೋ ಜನರಿಗೆ ಸಿಗುವುದಿಲ್ಲ. ಅವರನ್ನು ನೋಡಲು ಯಾರೂ ಬರುವುದಿಲ್ಲವಂತೆ, ತಮ್ಮನಿಗೆ ಚಿಕ್ಕಮ್ಮ ತಂದ ಬಿಸ್ಕತ್ತಿನಲ್ಲಿ ಅರ್ಧ ಅವರಿಗೆ ಹೋಗುತ್ತಿತ್ತು.

ದೊಡ್ಡವರ ಕೇಸಾದರೆ ಪೇಪರಿನ ಮುಖಪುಟ. ದೆಹಲಿಯ ಉಪಮುಖ್ಯಮಂತ್ರಿ ಆಗಿದ್ದ ಮನೀಶ್ ಸಿಸೋಡಿಯಾ ಅವರಿಗೆ 17 ತಿಂಗಳ ಮೇಲೆ 2024ರ ಆಗಸ್ಟಿನಲ್ಲಿ ಜಾಮೀನು ಸಿಕ್ಕಾಗ ಸುಪ್ರೀಂ ಕೋರ್ಟ್ ಹೇಳಿದ್ದೂ ಇದೇ, ವಿಚಾರಣೆ ಬೇಗ ಮುಗಿಯುವ ಲಕ್ಷಣ ಇಲ್ಲದಿದ್ದರೆ ಒಳಗೇ ಇಟ್ಟುಕೊಳ್ಳುವುದು ಸರಿಯಲ್ಲ ಅಂತ. ದೇಶದ ಅತಿ ದುಬಾರಿ ವಕೀಲರಿದ್ದೂ 17 ತಿಂಗಳು. ಬಿಸ್ಕತ್ತಿನ ಅಜ್ಜನಿಗೆ ಎಷ್ಟು ಅಂತ ನೀವೇ ಗುಣಿಸಿ.

ಸರಿ, ಬಳಸುವವರಿಗೆ ನನ್ನ ಮಾತು. ಹಿಡಿದ ದಿನವೇ 15100ಕ್ಕೆ ಫೋನ್ ಮಾಡಿ, ನಮ್ಮ ಹಾಗೆ ಎರಡು ತಿಂಗಳು ಬಿಟ್ಟು ಅಲ್ಲ. ರಿಮ್ಯಾಂಡ್ ಆದ ತಾರೀಖು, ಸೆಕ್ಷನ್, ಅದರ ಗರಿಷ್ಠ ಶಿಕ್ಷೆ, ಈ ಮೂರನ್ನು ಕ್ಯಾಲೆಂಡರ್ ಹಿಂದೆ ಬರೆದಿಡಿ. 55ನೇ ದಿನದಿಂದ ವಕೀಲರು ಯಾರೇ ಆಗಲಿ, ಪುಕ್ಕಟೆಯವರಾಗಲಿ ದುಡ್ಡಿನವರಾಗಲಿ, ದಿನಾ ಫೋನ್ ಮಾಡಿ ಪೀಡಿಸಿ. ಬೈದರೆ ಬೈಸಿಕೊಳ್ಳಿ. ಜಾಮೀನು ಸಿಕ್ಕ ದಿನದಿಂದ ಮತ್ತೆ ಹೊಸದಾಗಿ ಏಳು ದಿನ ಎಣಿಸಿ, ಎಂಟನೇ ದಿನ ಕಾರ್ಯದರ್ಶಿಗೆ ನೀವೇ ಒಂದು ಅರ್ಜಿ ಬರೆದು ಕೊಟ್ಟು ಸೀಲು ಹಾಕಿಸಿಕೊಳ್ಳಿ. ನಾನು ಇದನ್ನು ಮಾಡಲಿಲ್ಲ, ಮಾಡಿದ್ದರೆ ಎರಡು ಮೂರು ವಾರ ಉಳಿಯುತ್ತಿತ್ತೋ ಏನೋ.

ನೆರವಿನ ಮೇಡಂಗೆ ಐದು ಸ್ಟಾರ್, ಆಫೀಸಿಗೆ ಎರಡು. ಸರಾಸರಿ ಮೂರೂವರೆ. ಬೀರು ಸರಿಸಿ ಬೋರ್ಡ್ ಕಾಣುವ ಹಾಗೆ ಮಾಡಿದರೆ ಇನ್ನೊಂದು ಕಾಲು ಸೇರಿಸುತ್ತೇನೆ.

ತಮ್ಮ ಈಗ ಅದೇ ಮಾವನ ಟ್ರ್ಯಾಕ್ಟರ್ ಓಡಿಸುತ್ತಾನೆ. ಕೇಸಿನಲ್ಲಿ ಇನ್ನೂ ಒಬ್ಬ ಸಾಕ್ಷಿಯ ವಿಚಾರಣೆಯೂ ಆಗಿಲ್ಲ. ಡೇಟ್ ಇದ್ದ ದಿನ ಬೆಳಿಗ್ಗೆ ಆರಕ್ಕೆ ಎದ್ದು ಹೋಗಿ ಮುಂದಿನ ಡೇಟ್ ಬರೆಸಿಕೊಂಡು ಬರುತ್ತಾನೆ, ಚಿಕ್ಕಮ್ಮ ಅದನ್ನು ಹಾಲಿನ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ ಇಡುತ್ತಾರೆ.