ಅಪ್ಪ, ಅಣ್ಣ, ನಾನು: ಮೂರು ಸಲ ಕೌನ್ಸೆಲಿಂಗ್‌ಗೆ ಹೋಗಿ ಬಂದೆವು

ಜಯನಗರದ ಕಡೆ ಒಂದು ಸಣ್ಣ ಕೌನ್ಸೆಲಿಂಗ್ ಸೆಂಟರ್. ಹೆಸರು ಹಾಕುವುದಿಲ್ಲ, ಮುಂದೆ ಸ್ವಲ್ಪ ಬೈಯುವುದಿದೆ.

ನಮ್ಮ ಮನೆ ಕಥೆ ಇಷ್ಟೇ. ಅಪ್ಪನಿಗೂ ಅಣ್ಣನಿಗೂ ಮಾತಿಲ್ಲ ಅಂತಲ್ಲ, ಮಾತೆಲ್ಲ ನನ್ನ ಮೂಲಕ. ‘ಕರೆಂಟ್ ಬಿಲ್ ಕಟ್ಟೋಕೆ ಹೇಳು ನಿಮ್ಮಣ್ಣನಿಗೆ’ ಅಂತ ಅಪ್ಪ. ‘ಆಗಲೇ ಕಟ್ಟಿದೀನಿ ಅಂತ ಹೇಳು’ ಅಂತ ಅವನು. ಇಬ್ಬರೂ ಒಂದೇ ಹಾಲ್‌ನಲ್ಲಿ ಕೂತು, ಕೆಂಗೇರಿಯಲ್ಲಿರುವ ನನಗೆ ಫೋನ್ ಮಾಡುತ್ತಾರೆ! ಮೊದಲು ಇದು ಅಮ್ಮನ ಕೆಲಸವಾಗಿತ್ತು. ಅವಳು ಹೋದ ಮೇಲೆ ನನ್ನ ತಲೆಗೆ ಬಂತು.

ಅಪ್ಪನನ್ನು ಒಪ್ಪಿಸುವಷ್ಟರಲ್ಲಿ ಸಾಕಾಯಿತು. ‘ನನಗೇನು ಹುಚ್ಚಾ, ನಿಮ್ಹಾನ್ಸ್‌ಗೆ ಸೇರಿಸ್ತೀಯಾ?’ ಅಂದರು. ಆ ಮಾನಸಿಕ ಆಸ್ಪತ್ರೆ ಇರುವ ಹೊಸೂರು ರಸ್ತೆ ಅಂದರೆ ನಮ್ಮ ಹಿರಿಯರಿಗೆ ಇನ್ನೂ ಅದೇ ಭಯ. ಅಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿ ನೋಡುವ ವಿಭಾಗವೇ ಇದೆ ಅಂದರೆ ನಂಬಲಿಲ್ಲ.

ಬೈಗುಳ ಮೊದಲು ಮುಗಿಸುತ್ತೇನೆ. 1,500 ರೂಪಾಯಿ ಫೀಸು, ಮೂರು ಸಲವೂ ಅರ್ಧ ಗಂಟೆ ತಡ. ಬೆಂಗಳೂರಲ್ಲಿ ಕೂತು ಫಾರ್ಮ್ ಪೂರ್ತಿ ಇಂಗ್ಲಿಷ್‌ನಲ್ಲಿ. ಅಪ್ಪ ಓದದೆ ಸಹಿ ಹಾಕಿದರು.

ಆದರೆ ಮೇಡಂ ಜಾಣೆ. ಯಾರು ಯಾರ ಹತ್ತಿರ ಮಾತಾಡುತ್ತೀರಿ ಅಂತ ಕೇಳಿ, ಹಾಳೆ ಮೇಲೆ ಗೆರೆ ಎಳೆದರು. ತ್ರಿಕೋನ ಬಂತು, ಒಂದು ಬದಿ ಖಾಲಿ. ಮರ್ರೆ ಬೋವೆನ್ ಅಂತ ಅಮೆರಿಕದ ಮನೋವೈದ್ಯರು ಹೇಳಿದ್ದಂತೆ: ಇಬ್ಬರ ನಡುವೆ ಬಿಗಿ ಜಾಸ್ತಿಯಾದರೆ ಮೂರನೆಯವರನ್ನು ಎಳೆದುಕೊಳ್ಳುತ್ತಾರೆ, ಬಿಗಿ ಇಳಿಯುತ್ತದೆ, ಜಗಳ ಮಾತ್ರ ಹಾಗೇ ಇರುತ್ತದೆ. ನನಗೆ ಸಿಟ್ಟೇ ಬಂತು. ಇಷ್ಟು ದಿನ ಮನೆ ಉಳಿಸುತ್ತಿರುವುದು ನಾನೇ ಅಂದುಕೊಂಡಿದ್ದೆ, ಇಬ್ಬರ ಮಾತಿಗೂ ಸಕ್ಕರೆ ಬೆರೆಸಿ ದಾಟಿಸುತ್ತಿದ್ದೆ.

ಎರಡನೇ ಸಲ ಅಪ್ಪ ‘ಅವನಿಗೆ ಹೇಳು’ ಅಂತ ನನ್ನ ಕಡೆ ತಿರುಗಿದ ತಕ್ಷಣ ಮೇಡಂ ಎದ್ದು ನನ್ನ ಕುರ್ಚಿಯನ್ನು ಅವರ ಬೆನ್ನ ಹಿಂದೆ ಹಾಕಿಸಿದರು. ತುಂಬಾ ಹೊತ್ತು ಯಾರೂ ಉಸಿರೆತ್ತಲಿಲ್ಲ, ಹೊರಗೆ ಆಟೋ ಹಾರ್ನ್ ಮಾತ್ರ. ಆಮೇಲೆ ಅಪ್ಪ ಕೇಳಿದರು, ‘ಅಮ್ಮನ ಔಷಧಿ ಡಬ್ಬಿ ಯಾಕೆ ಎಸೆದೆ?’ ಅಣ್ಣ ‘ನೋಡಕ್ಕಾಗ್ತಿರಲಿಲ್ಲ ಅಪ್ಪಾ’ ಅಂದ. ಎರಡು ವರ್ಷದ ಮುನಿಸು ಒಂದು ಡಬ್ಬಿಯದಾ ಅಂತ ನಾನು ಹಿಂದೆ ಕೂತು ಅತ್ತೆ.

ಇಷ್ಟು ದುಡ್ಡು ಬೇಡ ಅನ್ನುವವರು 14416ಕ್ಕೆ ಫೋನ್ ಮಾಡಿ ನೋಡಿ. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಫೀಸಿಲ್ಲ. ಆದರೆ ಕುರ್ಚಿ ಎತ್ತಿ ಹಿಂದೆ ಹಾಕಲು ಫೋನಿನಲ್ಲಿ ಆಗುವುದಿಲ್ಲ ಅಲ್ವಾ.

ಐದಕ್ಕೆ ಮೂರೂವರೆ ಸ್ಟಾರ್. ನಾಲ್ಕನೇ ಸಲಕ್ಕೆ ಬರುವುದಿಲ್ಲ ಅಂತ ಅಣ್ಣ ಹಟ ಹಿಡಿದಿದ್ದಾನೆ. ‘ಅಪ್ಪನಿಗೆ ಹೇಳಿಬಿಡು’ ಅಂತ ನನಗೇ ಮೆಸೇಜ್ ಹಾಕಿದ್ದಾನೆ. ನಾನಿನ್ನೂ ಹೇಳಿಲ್ಲ.